ಲಾಕ್‌ಡೌನ್‌ನಲ್ಲಿ ನಿಂತದ್ದು ಯಾರ ಕೆಲಸ?



ವಾರ್ಷಿಕೋತ್ಸವದ ಸ್ಮರಣ ಸಂಚಿಕೆಗೆ ಚರಿತ್ರೆಯ ಮೇಲೆ ಒಂದು ಲೇಖನ ಬರೆದು ಕೊಡು ಎಂದು ಸಂಘದ ಅಣ್ಣಂದಿರು ಹೇಳಿದಾಗ ನಾನು ಒಂದು ವಾರ ಸುಮ್ಮನೆ ಕೂತೆ. ಬಿ.ಎ.ಗೆ ಚರಿತ್ರೆ ತೆಗೆದುಕೊಂಡವಳು ಅಂತ ನನಗೆ ವಹಿಸಿದ್ದು. ನಮ್ಮ ಕಾಸರಗೋಡಿನಲ್ಲಿ ಚರಿತ್ರೆ ಅಂದ ಕೂಡಲೇ ಬೇಕಲ ಕೋಟೆ, ಕುಂಬಳೆಯ ಅರಸರು, ಇಕ್ಕೇರಿ ನಾಯಕರು, ಮತ್ತೆ 1956ರ ನವೆಂಬರ್ 1. ಅದನ್ನೆಲ್ಲ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ, ನನಗಿಂತ ಚೆನ್ನಾಗಿ ಬರೆದಿದ್ದಾರೆ. ನಾನು ಬರೆಯಲು ಹೊರಟದ್ದು ನೀವು ಎಲ್ಲರೂ ಕಣ್ಣಾರೆ ಕಂಡ ಚರಿತ್ರೆ, 2020ನೆಯ ಇಸವಿಯದ್ದು. ಅದರಲ್ಲಿಯೂ ಒಂದೇ ಒಂದು ವಿಷಯ: ಆ ಕಾಲದಲ್ಲಿ ಗಂಡ ಮತ್ತು ಹೆಂಡತಿ ಕೂಲಿಗೆ, ಸಂಬಳಕ್ಕೆ ದುಡಿಯುವ ಗಂಟೆಗಳು ಎಂತ ಆದವು?

ಇದೆಂತ ಚರಿತ್ರೆ ಅಂತ ನಗಬೇಡಿ. ಸ್ವಲ್ಪ ಓದಿ ನೋಡಿ.

ಮೊದಲು ಆ ದಿನಗಳನ್ನು ನೆನಪು ಮಾಡಿಕೊಳ್ಳೋಣ. ದೇಶದ ಮೂರನೆಯ ಕೊರೋನಾ ರೋಗಿ ನಮ್ಮ ಜಿಲ್ಲೆಯ ವಿದ್ಯಾರ್ಥಿ, 2020ರ ಫೆಬ್ರವರಿ 3ರಂದು ಖಚಿತವಾದದ್ದು. ಅವರು ಗುಣವಾಗಿ ಮನೆಗೆ ಹೋದರು, ನಾವೂ ಮರೆತೆವು. ಮಾರ್ಚ್ 10ಕ್ಕೆ ಕೇರಳದಲ್ಲಿ ಕೆಳಗಿನ ತರಗತಿಗಳನ್ನು ಮುಚ್ಚಿದರು. ನಮ್ಮದು ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆ, ಅರ್ಧಕ್ಕೆ ನಿಂತಿತು. ಮಾರ್ಚ್ ಕೊನೆಗೆ ರಾಜ್ಯದಲ್ಲೇ ಅತಿ ಹೆಚ್ಚು ರೋಗಿಗಳು ಕಾಸರಗೋಡಿನಲ್ಲಿ. ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿ ಟಿ.ವಿ.ಯಲ್ಲಿ ಬಂದು 21 ದಿನ ದೇಶ ಬಂದ್ ಎಂದರು. ನಮಗೆ ಅದರ ಮೇಲೆ ಇನ್ನೊಂದು ಬಂದ್. ಕರ್ನಾಟಕದವರು ತಲಪಾಡಿಯನ್ನು ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದರು. ದಿನಾ ಬೆಳಗ್ಗೆ ಬಸ್ಸು ಹತ್ತಿ ಮಂಗಳೂರಿಗೆ ಹೋಗಿ ಸಂಜೆ ಬರುವ ನಮ್ಮ ಜನಕ್ಕೆ ಗಡಿ ಅನ್ನುವುದು ನಕ್ಷೆಯಲ್ಲಿದ್ದ ಗೆರೆ ಮಾತ್ರ ಆಗಿತ್ತು. ಆವತ್ತು ಅದು ಗುಡ್ಡೆಯಷ್ಟು ಎತ್ತರದ ಮಣ್ಣಾಯಿತು. ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಸತ್ತವರ ಸುದ್ದಿ ನೀವು ಮರೆತಿರಲಾರಿರಿ. ಕೇರಳ ಹೈಕೋರ್ಟ್ ಏಪ್ರಿಲ್ 1ಕ್ಕೆ ತಡೆ ತೆಗೆಯಲು ಹೇಳಿತು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆದರೆ ದಾರಿ ಬಿಟ್ಟದ್ದು ತುರ್ತು ರೋಗಿಗಳಿಗೆ. ಕೂಲಿಯವರಿಗೆ ದಾರಿ ತೆರೆಯಲು ಇನ್ನೂ ಎಷ್ಟೋ ಸಮಯ ಹಿಡಿಯಿತು.

ಈಗ ನಮ್ಮ ಮನೆಗೆ ಬನ್ನಿ. ಅಪ್ಪ ಕೆಂಪುಕಲ್ಲು ಕಟ್ಟುವ ಮೇಸ್ತ್ರಿ. ಹೆಚ್ಚಿನ ಕೆಲಸ ಗಡಿಯ ಆಚೆ, ತೊಕ್ಕೊಟ್ಟು, ದೇರಳಕಟ್ಟೆ ಕಡೆಯ ಸೈಟ್‌ಗಳಲ್ಲಿ. ಬೆಳಗ್ಗೆ ಏಳಕ್ಕೆ ಹೊರಟರೆ ಸಂಜೆ ಏಳಕ್ಕೆ ಬರುವುದು. ಎಂಟು ಗಂಟೆ ಕೆಲಸ, ಅದಕ್ಕೆ ದಿನಗೂಲಿ. ಯಾರು ಕೇಳಿದರೂ ಅಪ್ಪನ ಗಂಟೆ ಹೇಳಲಿಕ್ಕೆ ಆಗ್ತದೆ.

ಅಮ್ಮನದ್ದು ಬೀಡಿ. ಬೀಡಿ ಕಟ್ಟುವವರ ಗಂಟೆ ಕೇಳಿದರೆ ಯಾರಿಗೂ ಹೇಳಲಿಕ್ಕೆ ಬರುವುದಿಲ್ಲ. ರಾತ್ರಿ ಎಲೆ ನೀರಿಗೆ ಹಾಕುವುದು, ಬೆಳಗ್ಗೆ ಗೋಣಿಬಟ್ಟೆಯಲ್ಲಿ ಸುತ್ತಿಡುವುದು, ಚಾ ತಿಂಡಿ ಆದ ಮೇಲೆ ಅಚ್ಚು ಇಟ್ಟು ಎಲೆ ಕತ್ತರಿಸುವುದು, ಗಂಜಿಗೆ ಇಡುವುದು, ತಡ್ಪೆ ಮಡಿಲಲ್ಲಿ ಇಟ್ಟುಕೊಂಡು ನೂರು ಬೀಡಿ, ಅಷ್ಟರಲ್ಲಿ ಅಜ್ಜಿಗೆ ಮದ್ದು, ಮತ್ತೆ ನೂರು, ಮತ್ತೆ ಬಟ್ಟೆ ಒಗೆಯುವುದು, ಊಟ ಬಡಿಸಿ ಪುನಃ ತಡ್ಪೆ. ರಾತ್ರಿ ಟಿ.ವಿ. ನೋಡುತ್ತಾ ತುದಿ ಮಡಚುವುದು. ಬಿಡದೆ ಕೂತರೆ ಸಾವಿರ ಬೀಡಿಗೆ ಹತ್ತು-ಹನ್ನೆರಡು ಗಂಟೆ ಬೇಕು. ಅಮ್ಮ ದಿನಕ್ಕೆ ಆರುನೂರು, ಏಳುನೂರು ಕಟ್ಟುತ್ತಿದ್ದರು. ಅಂದರೆ ಏಳು-ಎಂಟು ಗಂಟೆ, ಅಪ್ಪನಷ್ಟೇ. ಆದರೆ ಆ ಗಂಟೆ ತುಂಡು ತುಂಡು. ಕೂಲಿ ಸಾವಿರದ ಲೆಕ್ಕದಲ್ಲಿ. ಬ್ರಾಂಚಿನಲ್ಲಿ ಚೆಕ್ ಮಾಡಿ ತೆಗೆದು ಹಾಕಿದ ಬೀಡಿಗೆ ಲೆಕ್ಕವೇ ಇಲ್ಲ. ಅಪ್ಪನಿಗೆ ನಾಲ್ಕು ದಿನದಲ್ಲಿ ಸಿಗುವಷ್ಟು ಅಮ್ಮನಿಗೆ ಮೂರು ವಾರ ಕೂತರೆ ಸಿಗುತ್ತಿತ್ತು.

ನೆರೆಕರೆಯವರು ಕೇಳಿದರೆ ಅಪ್ಪ ಹೇಳುತ್ತಿದ್ದದ್ದು, "ಅವಳು ಮನೆಯಲ್ಲೇ ಇರುವುದು." ಅದರಲ್ಲಿ ದ್ವೇಷ ಏನೂ ಇರಲಿಲ್ಲ. ಅವರಿಗೆ ಹಾಗೆ ಕಂಡದ್ದು, ಅಷ್ಟೆ.

ಈ ಬೀಡಿಯ ಗಂಟೆ ಮನೆಯೊಳಗೆ ಹೋಗಿ ಕೂತದ್ದಕ್ಕೆ ಒಂದು ಚರಿತ್ರೆ ಉಂಟು. ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾನೂನು ಬಂದದ್ದು 1966ರಲ್ಲಿ. ಕೇರಳ ಸರಕಾರ ಅದನ್ನು 1968ರಲ್ಲಿ ಜಾರಿ ಮಾಡಲು ಹೊರಟಾಗ ಮಂಗಳೂರು ಮೂಲದ ಕಂಪೆನಿಗಳು ಕಣ್ಣೂರು ಕಡೆಯ ಕೆಲಸವನ್ನು ನಿಲ್ಲಿಸಿಬಿಟ್ಟವು. ಸುಮಾರು 12,000 ಮಂದಿ ಕೆಲಸ ಕಳೆದುಕೊಂಡರು. ಅವರಿಗಾಗಿ 1969ರಲ್ಲಿ ಹುಟ್ಟಿದ್ದು ಕೇರಳ ದಿನೇಶ್ ಬೀಡಿ ಸಹಕಾರಿ ಸಂಘ. ಅಲ್ಲಿ ಕೆಲಸ ಒಂದು ಕಟ್ಟಡದೊಳಗೆ, ಹಾಜರಿ ಉಂಟು, ಸಮಯ ಉಂಟು. ಒಬ್ಬ ಕೂತು ಪತ್ರಿಕೆ ಓದುವುದು, ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುವುದು. ಈ ಪದ್ಧತಿ ಕಣ್ಣೂರಿನಲ್ಲಿ ದೊಡ್ಡ ಹೆಸರು ಮಾಡಿತು. ಮೊದಲ ಕಾಲದಲ್ಲಿ ಅಲ್ಲಿ ಕೂತವರಲ್ಲಿ ಹೆಚ್ಚಿನವರು ಗಂಡಸರು. ಗಡಿಯ ಈ ಬದಿ, ಮಂಗಳೂರಿನಿಂದ ಎಲೆ ಬರುವ ನಮ್ಮ ಊರುಗಳಲ್ಲಿ, ಬೀಡಿ ಹೆಂಗಸರ ಮಡಿಲಿಗೆ ಬಂತು. ಅಲ್ಲಿ ಪತ್ರಿಕೆ ಓದುವವರು ಯಾರು? ಗಂಜಿ ಉಕ್ಕುವುದನ್ನು ನೋಡುವುದರಲ್ಲೇ ಆಯಿತು.

ಇದು ನಮ್ಮ ಒಂದು ಮನೆಯ ಮಾತು ಅಂತ ತಿಳಿಯಬೇಡಿ. ಕೊರೋನಾಕ್ಕೆ ಸರಿಯಾಗಿ ಒಂದು ವರ್ಷ ಮೊದಲು, 2019ರಲ್ಲಿ, ಕೇಂದ್ರ ಸರಕಾರದ ಅಂಕಿಅಂಶ ಇಲಾಖೆಯವರು ದೇಶಾದ್ಯಂತ ಮನೆ ಮನೆಗೆ ಹೋಗಿ ಜನ ದಿನದ 24 ಗಂಟೆಯನ್ನು ಹೇಗೆ ಕಳೆಯುತ್ತಾರೆ ಅಂತ ಕೇಳಿ ಬರೆದುಕೊಂಡರು. ಒಂದು ದಿನದಲ್ಲಿ ದುಡ್ಡು ತರುವ ಕೆಲಸ ಮಾಡಿದವರು ಗಂಡಸರಲ್ಲಿ ನೂರಕ್ಕೆ 57, ಹೆಂಗಸರಲ್ಲಿ ನೂರಕ್ಕೆ 18. ಹಾಗೆ ಕೆಲಸ ಮಾಡಿದ ಗಂಡಸರಿಗೆ ಸರಾಸರಿ 459 ನಿಮಿಷ, ಹೆಂಗಸರಿಗೆ 333 ನಿಮಿಷ. ಸಂಬಳ ಇಲ್ಲದ ಮನೆಗೆಲಸದಲ್ಲಿ ಲೆಕ್ಕ ತಿರುಗಿತು. ಅದನ್ನು ಮಾಡಿದ ಹೆಂಗಸರು ದಿನಕ್ಕೆ 299 ನಿಮಿಷ ಕೊಟ್ಟರು, ಗಂಡಸರು 97 ನಿಮಿಷ. ಗಂಡಸರಲ್ಲಿ ಆ ಕೆಲಸಕ್ಕೆ ಕೈ ಹಾಕಿದವರೇ ನೂರಕ್ಕೆ 26 ಮಂದಿ. ಕೊರೋನಾ ಬರುವಾಗ ನಮ್ಮ ದೇಶದ ಮನೆಗಳ ಗಡಿಯಾರ ಹೀಗಿತ್ತು.

ಲಾಕ್‌ಡೌನ್ ಆದ ಕೂಡಲೇ ಅಪ್ಪನ ಎಂಟು ಗಂಟೆ ಸೊನ್ನೆ ಆಯಿತು. ಅಮ್ಮನ ಏಳೆಂಟು ಗಂಟೆಯೂ ಸೊನ್ನೆ. ಮಂಗಳೂರಿನಿಂದ ಎಲೆ, ಹೊಗೆಸೊಪ್ಪು ಬರುವ ದಾರಿ ಇಲ್ಲ. ಏಪ್ರಿಲ್ 15ರ ಕೇಂದ್ರದ ಆದೇಶದಲ್ಲಿ ತಂಬಾಕು ಮಾರಾಟವನ್ನೇ ನಿಲ್ಲಿಸಬೇಕು ಅಂತ ಇತ್ತು. ಅದು ಆರೋಗ್ಯಕ್ಕೆ ಸರಿಯೇ ಇರಬಹುದು, ತಕರಾರು ಇಲ್ಲ. ಮನೆಯಲ್ಲಿ ಇದ್ದದ್ದು ನಾಲ್ಕು ಸಾವಿರ ಬೀಡಿಯಷ್ಟು ಎಲೆ. ಅದನ್ನೂ ಕಟ್ಟಿಟ್ಟರು, ಕೊಂಡುಹೋಗುವವರಿಲ್ಲದೆ ಮಳೆಗಾಲಕ್ಕೆ ಬೂಸ್ಟ್ ಹಿಡಿಯಿತು.

ಹೊರಗಿನಿಂದ ನೋಡಿದರೆ ಸಮಾನತೆ ಬಂತು ಅಂತಲೇ ಹೇಳಬೇಕು. ಇಬ್ಬರಿಗೂ ಸೊನ್ನೆ. ಮತ್ತೆ ನಿಜ ಹೇಳುತ್ತೇನೆ, ಆ ಏಪ್ರಿಲ್‌ನಲ್ಲಿ ಅಪ್ಪ ಬಾವಿಯಿಂದ ನೀರು ಸೇದಿದರು, ಸೌದೆ ಒಡೆದರು, ಹಲಸಿನಕಾಯಿ ಕೊಚ್ಚಿ ಕೊಟ್ಟರು. ಒಂದು ದಿನ ಮೀನು ಸಿಕ್ಕಿದಾಗ ಅವರೇ ಸಾರು ಮಾಡಿದರು, ಖಾರ ಜಾಸ್ತಿ ಆಗಿ ತಮ್ಮ ಅತ್ತ. ನಿಮ್ಮ ಮನೆಯಲ್ಲಿಯೂ ಹೀಗೆ ಆಗಿರಬಹುದು, ನೆನಪು ಮಾಡಿ ನೋಡಿ. ಅರ್ಥಶಾಸ್ತ್ರಜ್ಞೆ ಅಶ್ವಿನಿ ದೇಶಪಾಂಡೆ ದೇಶದ ಸಾವಿರಾರು ಮನೆಗಳ ಸಮೀಕ್ಷೆಯ ಅಂಕಿಗಳನ್ನು ಇಟ್ಟುಕೊಂಡು ಇದನ್ನೇ ನೋಡಿದ್ದಾರೆ. 2020ರ ಏಪ್ರಿಲ್‌ನಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ಗಂಡಸರು ಮನೆಗೆಲಸ ಮಾಡುವ ಸಮಯ ಹೆಚ್ಚಾಯಿತು. ಆಗಸ್ಟ್ ಬರುವಾಗ ಅದು ಕೆಳಗೆ ಇಳಿದಿತ್ತು. ಪೂರ್ತಿ ಮೊದಲಿನಷ್ಟು ಅಲ್ಲ, ಸ್ವಲ್ಪ ಉಳಿದಿತ್ತು. ನಮ್ಮ ಮನೆಯಲ್ಲಿ ಉಳಿದದ್ದು ಸೌದೆ ಒಡೆಯುವುದು.

ಸೊನ್ನೆಯಿಂದ ಮೇಲೆ ಏಳುವಾಗ ಇಬ್ಬರೂ ಒಟ್ಟಿಗೆ ಏಳಲಿಲ್ಲ. ನಾನು ಹೇಳಬೇಕೆಂದಿರುವ ಚರಿತ್ರೆ ಇದೇ. ಅಪ್ಪನಿಗೆ ಗಡಿಯ ಆಚೆ ಹೋಗಲಿಕ್ಕೆ ಆಗದಿದ್ದರೂ ಮೇ ಕೊನೆಗೆ ಇಲ್ಲೇ ಪಂಚಾಯತಿನೊಳಗೆ ಒಂದು ಪಂಚಾಂಗದ ಕೆಲಸ ಸಿಕ್ಕಿತು. ಜುಲೈ, ಆಗಸ್ಟ್ ಹೊತ್ತಿಗೆ ವಾರಕ್ಕೆ ಮೂರು-ನಾಲ್ಕು ದಿನ. ದೀಪಾವಳಿಗೆ ಮೊದಲಿನ ಹಾಗೆ ಆರು ದಿನ. ಅಮ್ಮನ ಬ್ರಾಂಚ್ ಕೂಡ ತೆರೆಯಿತು, ಆದರೆ ಎಲೆ ಕೊಟ್ಟದ್ದು ಅರ್ಧ. ವಾರಕ್ಕೆ ಎರಡು ದಿನದ ಕೆಲಸ. ಆ ಎರಡು ದಿನವೂ ಮನೆ ಮೊದಲಿನ ಮನೆ ಅಲ್ಲ. ಜೂನ್ 1ಕ್ಕೆ ವಿಕ್ಟರ್ಸ್ ಚಾನೆಲ್‌ನಲ್ಲಿ ಫಸ್ಟ್ ಬೆಲ್ ಪಾಠ ಶುರುವಾಯಿತು. ಟಿ.ವಿ. ಒಂದು, ಸ್ಮಾರ್ಟ್‌ಫೋನ್ ಒಂದು, ಕಲಿಯುವ ಮಕ್ಕಳು ಇಬ್ಬರು. ತಮ್ಮ ಐದನೆಯ ಕ್ಲಾಸ್. ಅವನ ನೋಟ್ಸ್ ಬರೆಸಿ ಫೋಟೋ ತೆಗೆದು ಟೀಚರಿಗೆ ವಾಟ್ಸಾಪ್ ಮಾಡುವುದು ಅಮ್ಮ. ಅಂಗನವಾಡಿ ಇಲ್ಲ ಅಂತ ಪಕ್ಕದ ಮನೆಯ ಮಗುವೂ ನಮ್ಮಲ್ಲಿ. ಮೂರು ಹೊತ್ತು ಐದು ಜನಕ್ಕೆ ಬಡಿಸಬೇಕು. ಮೊದಲಾದರೆ ಮಧ್ಯಾಹ್ನ ನಾವು ಶಾಲೆಯಲ್ಲಿ ಉಣ್ಣುತ್ತಿದ್ದೆವು, ಅಪ್ಪ ಸೈಟಿನಲ್ಲಿ. ಶಾಲೆಯ ಬಿಸಿಯೂಟ ಅಮ್ಮನಿಗೆ ಎಷ್ಟು ಗಂಟೆ ಬೀಡಿ ಕಟ್ಟಲು ಕೊಡುತ್ತಿತ್ತು ಅಂತ ನಮಗೆ ಗೊತ್ತಾದದ್ದು ಅದು ನಿಂತ ಮೇಲೆ.

ಆ ವರ್ಷ ಅಮ್ಮನ ಕೂಲಿಯ ಗಂಟೆ ಮೊದಲಿನ ಅರ್ಧಕ್ಕೂ ಬರಲಿಲ್ಲ. ಮನೆಗೆಲಸದ ಗಂಟೆ ಮೊದಲಿಗಿಂತ ಹೆಚ್ಚಾಯಿತು. ಕುಟುಂಬಶ್ರೀಯ ಮೂಲಕ ಸರಕಾರ ಕೊಟ್ಟ ಸಹಾಯಹಸ್ತ ಸಾಲ ಇತ್ತಲ್ಲ, ನಮ್ಮಲ್ಲಿಯೂ ಅದನ್ನು ತೆಗೆದದ್ದು ಅಮ್ಮನ ಹೆಸರಲ್ಲಿ. ಅಪ್ಪನ ಮೊಬೈಲ್ ಕಂತು, ಅಜ್ಜಿಯ ಮದ್ದು, ಅಂಗಡಿಯ ಬಾಕಿ ಅದರಲ್ಲಿ ಹೋಯಿತು. ವಾರ ವಾರ ಕಟ್ಟಬೇಕಾದದ್ದು ಗಂಟೆ ಕಳೆದುಕೊಂಡವರೇ.

ದೇಶದ ಲೆಕ್ಕ ನಮ್ಮ ಮನೆಗಿಂತ ಕಠಿಣವಾಗಿಯೇ ಉಂಟು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರಲ್ಲಿ ತಂದ ದುಡಿಯುವ ಭಾರತದ ಸ್ಥಿತಿಗತಿಯ ವರದಿ ಹೀಗೆ ಹೇಳುತ್ತದೆ: ಲಾಕ್‌ಡೌನಿಗೆ ಮೊದಲು ಕೆಲಸದಲ್ಲಿದ್ದ ನೂರು ಗಂಡಸರಲ್ಲಿ 61 ಮಂದಿ ಆಗಲೂ ಆಮೇಲೂ ಕೆಲಸದಲ್ಲಿ ಉಳಿದರು, ಏಳು ಮಂದಿ ಕಳೆದುಕೊಂಡು 2020 ಮುಗಿಯುವವರೆಗೂ ಹಿಂದೆ ಬರಲಿಲ್ಲ. ನೂರು ಹೆಂಗಸರಲ್ಲಿ ಉಳಿದವರು 19. ಹಿಂದೆ ಬಾರದವರು 47. ಏಳು ಮತ್ತು ನಲವತ್ತೇಳು. ಈ ಎರಡು ಅಂಕಿಗಳನ್ನು ನಾನು ಕ್ಲಾಸಿನಲ್ಲಿ ಕೇಳಿದಾಗ ಮೊದಲು ತಪ್ಪಾಗಿ ಬರೆದುಕೊಂಡೆ ಅಂತ ಅನ್ನಿಸಿ ಪುನಃ ಕೇಳಿದೆ.

ಇಲ್ಲಿ ಸಂಘದ ಅಣ್ಣಂದಿರು ಒಂದು ಪ್ರಶ್ನೆ ಎತ್ತಿದರು, ಬರವಣಿಗೆ ತೋರಿಸಿದಾಗ. "ಗಂಡಸರು ಕೂಡ ಬೀದಿಗೆ ಬಿದ್ದರಲ್ಲ, ನಡೆದುಕೊಂಡು ಊರಿಗೆ ಹೋದವರು ಗಂಡಸರೇ ಅಲ್ವಾ?" ಹೌದು. ತಲೆ ಎಣಿಸಿದರೆ ಕೆಲಸ ಕಳೆದುಕೊಂಡ ಗಂಡಸರೇ ಜಾಸ್ತಿ, ಯಾಕೆಂದರೆ ಕೆಲಸದಲ್ಲಿ ಇದ್ದದ್ದೇ ಅವರು ಜಾಸ್ತಿ. ಅವರ ಕಷ್ಟ ಸುಳ್ಳಲ್ಲ. ಆದರೆ ಕಷ್ಟ ಮುಗಿದ ಮೇಲೆ ಯಾರಿಗೆ ಬಾಗಿಲು ತೆರೆಯಿತು ಅಂತ ನೋಡಿದರೆ ಲೆಕ್ಕ ಬೇರೆ. ಇದು ಬಡ ದೇಶದ ಸಂಗತಿ ಮಾತ್ರವೂ ಅಲ್ಲ. ಅಮೆರಿಕದಲ್ಲಿ ಗಂಡ ಹೆಂಡತಿ ಇಬ್ಬರೂ ಸಂಬಳಕ್ಕೆ ಹೋಗುವ, ಸಣ್ಣ ಮಕ್ಕಳಿರುವ ಮನೆಗಳನ್ನು ನೋಡಿದ ಸಂಶೋಧಕರಿಗೆ ಸಿಕ್ಕಿದ್ದು ಏನು ಗೊತ್ತಾ? 2020ರ ಫೆಬ್ರವರಿಯಿಂದ ಏಪ್ರಿಲ್ ಒಳಗೆ ತಾಯಂದಿರು ಕೆಲಸದ ಗಂಟೆಗಳನ್ನು ತಂದೆಯರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಕಡಿಮೆ ಮಾಡಿಕೊಂಡಿದ್ದರು. ಕಂಪ್ಯೂಟರ್ ಮುಂದೆ ಕೂತು ಮನೆಯಿಂದಲೇ ಕೆಲಸ ಮಾಡಬಹುದಾದವರೂ ಅದರಲ್ಲಿ ಇದ್ದರು.

ನಮ್ಮ ಚಿಕ್ಕಮ್ಮನ ಕತೆ ಇದಕ್ಕೆ ತಿರುವು. ಅದನ್ನು ಹೇಳದಿದ್ದರೆ ಲೇಖನ ಸುಳ್ಳಾಗ್ತದೆ. ಚಿಕ್ಕಮ್ಮ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕಂಟ್ರಾಕ್ಟಿನ ಕ್ಲೀನಿಂಗ್ ಕೆಲಸಕ್ಕೆ ಹೋಗುತ್ತಿದ್ದರು. ಗಡಿ ಮುಚ್ಚಿದಾಗ ಅವರು ಆ ಬದಿ ಸಿಕ್ಕಿಬಿದ್ದರು. ಆಸ್ಪತ್ರೆಯವರು ಮಲಗಲು ಒಂದು ಕೋಣೆ ಕೊಟ್ಟರು. ಎಂಟು ಗಂಟೆಯ ಡ್ಯೂಟಿ ಹನ್ನೆರಡು ಗಂಟೆಯಾಯಿತು. ಚಿಕ್ಕಪ್ಪ ಆಟೋ ಓಡಿಸುವವರು, ಆಟೋ ಅಂಗಳದಲ್ಲಿ ನಿಂತಿತ್ತು. ಅಂದರೆ ಈ ಒಂದು ಮನೆಯಲ್ಲಿ ಹೆಂಡತಿಗೆ ದಿನಕ್ಕೆ ಹನ್ನೆರಡು ಗಂಟೆ ದುಡಿಮೆ, ಗಂಡನಿಗೆ ಸೊನ್ನೆ. ಎರಡು ತಿಂಗಳಿಗೂ ಹೆಚ್ಚು ಕಾಲ ಚಿಕ್ಕಪ್ಪ ಇಬ್ಬರು ಮಕ್ಕಳಿಗೆ ಬೇಯಿಸಿ ಹಾಕಿದರು, ಒಗೆದರು, ಮಗಳ ತಲೆ ಬಾಚಿ ಜಡೆ ಹಾಕಲು ಕಲಿತರು. ಜಡೆ ಮಾತ್ರ ಒಂದು ಬದಿಗೆ ವಾಲುತ್ತಿತ್ತು. ಕೇರಿಯಲ್ಲಿ ಕೆಲವರು ನಗಾಡಿದ್ದು ಉಂಟು, ಚಿಕ್ಕಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ.

ಜೂನ್‌ನಲ್ಲಿ ಪಾಸ್ ಸಿಕ್ಕಿ ಚಿಕ್ಕಮ್ಮ ಬಂದರು. 14 ದಿನ ಒಂದು ಕೋಣೆಯಲ್ಲಿ ಕ್ವಾರಂಟೈನ್. ಹದಿನೈದನೆಯ ದಿನ ಬೆಳಗ್ಗೆ ಹೊರಗೆ ಬಂದು ಸೀದಾ ಒಲೆಯ ಹತ್ತಿರ ಹೋದರು. ಯಾರೂ ಹೇಳಲಿಲ್ಲ. ಚಿಕ್ಕಪ್ಪ ಚಾದ ಪಾತ್ರೆ ಅವರ ಕೈಗೆ ಕೊಟ್ಟು ಆಟೋ ತೊಳೆಯಲು ಹೋದರು. ಎರಡು ತಿಂಗಳು ಚೆನ್ನಾಗಿಯೇ ನಡೆಸಿದ ಕೆಲಸ, ಒಂದು ಬೆಳಗ್ಗೆಯಲ್ಲಿ ಹಿಂದೆ ಹೋಯಿತು. ನಾನು ಈಗ ಕೇಳಿದರೆ ಚಿಕ್ಕಮ್ಮ ಹೇಳುವುದು, "ಅವರು ಮಾಡುವಾಗ ನನಗೆ ನಾಚಿಕೆ ಆಗ್ತಿತ್ತು ಮಾರಾಯ್ತಿ." ಆಮೇಲೆ 2021ರ ಫೆಬ್ರವರಿಯಲ್ಲಿ ಗಡಿಯಲ್ಲಿ ಪುನಃ ಟೆಸ್ಟ್ ರಿಪೋರ್ಟ್ ಕೇಳಲು ಶುರುವಾಯಿತು. ಟೆಸ್ಟಿಗೆ ಹೋದ ದಿನ ಅರ್ಧ ದಿನದ ಸಂಬಳ ಇಲ್ಲ. ಮಕ್ಕಳಿಗೆ ಆನ್‌ಲೈನ್ ಕ್ಲಾಸ್. ಕಂಟ್ರಾಕ್ಟರ್ ಸರಿಯಾಗಿ ಬರುವುದಾದರೆ ಬನ್ನಿ ಅಂದ. ಆರು ವರ್ಷದ ಕೆಲಸ ಬಿಟ್ಟರು. ಚಿಕ್ಕಪ್ಪನ ಆಟೋ ಆಗ ಓಡುತ್ತಿತ್ತು. ಯಾರು ಬಿಡಬೇಕು ಅಂತ ಮನೆಯಲ್ಲಿ ಮಾತುಕತೆ ಆಯಿತಾ ಅಂತ ಕೇಳಿದೆ. ಮಾತುಕತೆ ಎಂತದ್ದು ಅಂತ ಇಬ್ಬರೂ ನನ್ನ ಮುಖ ನೋಡಿದರು.

ಉದ್ಯೋಗ ಖಾತರಿಯ ವಿಷಯವೂ ಇಲ್ಲಿ ಹೇಳಬೇಕು, ಯಾಕೆಂದರೆ ನಮ್ಮ ತಾಯಂದಿರ ಕೈಗೆ ನೇರವಾಗಿ, ಬ್ಯಾಂಕಿನಲ್ಲಿ, ಗಂಡಸರಷ್ಟೇ ಕೂಲಿ ಬಂದದ್ದು ಅದರಲ್ಲಿ. ಕೇರಳದಲ್ಲಿ ಆ ಕೆಲಸದ ನೂರು ದಿನಗಳಲ್ಲಿ ತೊಂಬತ್ತರಷ್ಟು ಹೆಂಗಸರದ್ದೇ ಆಗಿತ್ತು. 2020-21ರಲ್ಲಿ ಇಲ್ಲಿಯ ಕೂಲಿ ದಿನಕ್ಕೆ 291 ರೂಪಾಯಿ. ಲಾಕ್‌ಡೌನಿನ ಆರಂಭದಲ್ಲಿ ನಿಂತಿತು, ಆಮೇಲೆ ಶುರುವಾಯಿತು. ದೇಶದಲ್ಲಿ ಆ ವರ್ಷ ಮೊದಲೆಂದೂ ಇಲ್ಲದಷ್ಟು ಜನ ಬಂದರು, ಹಿಂದಿನ ವರ್ಷ 265 ಕೋಟಿ ಇದ್ದ ಕೆಲಸದ ದಿನಗಳು 389 ಕೋಟಿಗೆ ಏರಿದವು. ಪಟ್ಟಣದಿಂದ ಹಿಂದೆ ಬಂದ ಗಂಡಸರು ಹಾರೆ ಹಿಡಿದರು, ಹೆಂಗಸರ ಪಾಲು ಸುಮಾರು 55ರಿಂದ 53ಕ್ಕೆ ಇಳಿಯಿತು. ಸಣ್ಣ ಇಳಿತ ಅಂತ ಕಾಣ್ತದೆ. ಆದರೆ ಒಂದು ಮಾತು ಗಮನಿಸಿ: ಆ ನೂರು ದಿನ ಒಬ್ಬೊಬ್ಬರಿಗೆ ಅಲ್ಲ, ಒಂದು ಮನೆಗೆ ಆಗಿತ್ತು. ಗಂಡ ಮೂವತ್ತು ದಿನ ಹೋದರೆ ಹೆಂಡತಿಗೆ ಉಳಿಯುತ್ತಿದ್ದದ್ದು ಎಪ್ಪತ್ತು. ಕಾನೂನು ಬರೆದವರು ಕೆಟ್ಟ ಮನಸ್ಸಿನಿಂದ ಬರೆದದ್ದಲ್ಲ. ಆದರೆ ಗಂಡ ಹೆಂಡತಿಯ ಗಂಟೆಯನ್ನು ಒಂದೇ ಡಬ್ಬಿಗೆ ಹಾಕಿದರೆ ಕಷ್ಟಕಾಲದಲ್ಲಿ ಮೊದಲು ಕೈ ಹಾಕುವವರು ಯಾರು ಅಂತ ನೀವೇ ಹೇಳಿ.

ಇನ್ನು ನೂರು ವರ್ಷ ಹಿಂದಕ್ಕೆ ಹೋಗೋಣ. 2020 ಬಂದಾಗ ಎಲ್ಲರೂ 1918ರ ಇನ್‌ಫ್ಲುಯೆಂಜಾ ಹೆಸರು ಎತ್ತಿದರು. ಬೊಂಬಾಯಿ ಬಂದರಿಗೆ ಜೂನ್‌ನಲ್ಲಿ ಬಂದ ಆ ಜ್ವರ ಸೆಪ್ಟೆಂಬರ್ ನಂತರದ ಎರಡನೆಯ ಅಲೆಯಲ್ಲಿ ದೇಶವನ್ನು ಕೊಚ್ಚಿಕೊಂಡು ಹೋಯಿತು. ಸತ್ತವರು 1.2 ಕೋಟಿಯಿಂದ 1.8 ಕೋಟಿ ಅಂತ ಅಂದಾಜು. ಅದೇ ವರ್ಷ ಮಳೆಯೂ ಕೈಕೊಟ್ಟಿತ್ತು. ಆಗ ನಮ್ಮ ಕಾಸರಗೋಡು ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಇಂಡಿಯಾದಲ್ಲಿ ಆ ಜ್ವರಕ್ಕೆ ಗಂಡಸರಿಗಿಂತ ಹೆಂಗಸರು ಹೆಚ್ಚು ಸತ್ತರು. ಕಾಯಿಲೆಯವರ ಆರೈಕೆ ಮಾಡಿದವರು ಅವರೇ ಅನ್ನುವುದು ಅದಕ್ಕೆ ಕೊಡುವ ಕಾರಣಗಳಲ್ಲಿ ಒಂದು.

ಉಳಿದ ಹೆಂಗಸರ ದುಡಿಮೆ ಎಂತ ಆಯಿತು? ಫೆನ್ಸ್ಕೆ, ಗುಪ್ತ, ಯುವಾನ್ ಎಂಬ ಮೂವರು ಸಂಶೋಧಕರು ನಾಲ್ಕು ಜನಗಣತಿಗಳನ್ನು ಜಿಲ್ಲೆ ಜಿಲ್ಲೆಯಾಗಿ ಹೋಲಿಸಿ ನೋಡಿದ್ದಾರೆ. ಜ್ವರದಲ್ಲಿ ಹೆಚ್ಚು ಜನ ಸತ್ತ ಜಿಲ್ಲೆಗಳಲ್ಲಿ 1921ರ ಗಣತಿಯಲ್ಲಿ ದುಡಿಮೆಗೆ ಬಂದ ಹೆಂಗಸರ ಪ್ರಮಾಣ ಹೆಚ್ಚಾಗಿತ್ತು. ಕಾರಣ ಎಂತ? ಅವರ ಅಂದಾಜಿನಲ್ಲಿ, ಗಂಡನನ್ನು ಕಳೆದುಕೊಂಡವರು ಹೊಟ್ಟೆಪಾಡಿಗೆ ಹೊರಗೆ ಬಂದದ್ದು, ಮತ್ತೆ ಆಳು ಕಡಿಮೆಯಾಗಿ ಕೂಲಿ ಏರಿದ್ದು. ಆದರೆ ಆ ಏರಿಕೆ ನಿಲ್ಲಲಿಲ್ಲ. ಸ್ವಲ್ಪ ಕಾಲದ್ದು ಮಾತ್ರ.

ನನಗೆ ಇದನ್ನು ಓದುವಾಗ ಅನಿಸಿದ್ದು ಇದು. 1918ರಲ್ಲಿ ಗಂಡ ಸತ್ತ ಕಾರಣ ಹೆಂಗಸಿನ ಕೂಲಿಯ ಗಂಟೆ ಏರಿತು. 2020ರಲ್ಲಿ ಗಂಡ ಮಕ್ಕಳು ಮನೆ ತುಂಬಿದ ಕಾರಣ ಇಳಿಯಿತು. ಒಂದು ಏರಿಕೆ, ಒಂದು ಇಳಿಕೆ, ಎರಡರಲ್ಲಿಯೂ ಅವಳನ್ನು ಕೇಳಿದವರಿಲ್ಲ. ಯುದ್ಧಕಾಲದಲ್ಲಿಯೂ ಹೀಗೆಯೇ. ಕಲ್ಲಿದ್ದಲು ಗಣಿಯ ಒಳಗೆ ಹೆಂಗಸರು ಇಳಿಯಬಾರದು ಅಂತ ಇದ್ದ ನಿಷೇಧವನ್ನು ಕಲ್ಲಿದ್ದಲು ಸಾಲದು ಅಂತ 1943ರಲ್ಲಿ ತೆಗೆದರು, ಯುದ್ಧ ಮುಗಿದ ಮೇಲೆ 1946ರಲ್ಲಿ ಪುನಃ ಹಾಕಿದರು. ಆಗ ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದವರು ಬಾಬಾಸಾಹೇಬರು. ನಿಷೇಧ ತೆಗೆದದ್ದಕ್ಕೆ ಮಹಿಳಾ ಸಂಘಟನೆಗಳಿಂದ ಕಟು ಟೀಕೆ ಬಂತು, ಅದನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ. ಆದರೆ 1944ರ ಫೆಬ್ರವರಿಯಲ್ಲಿ ಕೇಂದ್ರ ಶಾಸನಸಭೆಯಲ್ಲಿ ಅವರು ಹೇಳಿದ ಒಂದು ವಿಷಯ ಉಂಟು. ಗಣಿಗೆ ಇಳಿಯುವ ಹೆಂಗಸಿಗೂ ಗಂಡಸಿಗೂ ಒಂದೇ ಕೆಲಸಕ್ಕೆ ಒಂದೇ ಕೂಲಿ, ಈ ತತ್ವ ಈ ದೇಶದ ಕೈಗಾರಿಕೆಯಲ್ಲಿ ಮೊದಲ ಸಲ ಜಾರಿಗೆ ಬಂದದ್ದು ಇಲ್ಲಿ ಅಂತ. ಅದಕ್ಕೂ ಮೊದಲು, 1928ರಲ್ಲಿ, ಬೊಂಬಾಯಿ ಕೌನ್ಸಿಲಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆಯನ್ನು ಬೆಂಬಲಿಸಿ ಮಾತಾಡಿದ್ದರು. ಹೆತ್ತ ಹೆಂಗಸು ಕೆಲಸಕ್ಕೆ ಹೋಗದ ದಿನಗಳಿಗೂ ಬೆಲೆ ಉಂಟು ಅನ್ನುವ ಕಾನೂನು ಅದು. ನಾವು ಏಪ್ರಿಲ್ 14ಕ್ಕೆ ಹಾರ ಹಾಕುವಾಗ ಈ ಎರಡು ಇಸವಿಗಳನ್ನು ಯಾರೂ ಹೇಳಿದ್ದು ನಾನು ಕೇಳಿಲ್ಲ.

ನಮ್ಮ ಕೇರಿಗಳಲ್ಲಿ ಹೆಂಗಸು ದುಡಿಯಲು ಹೋಗಬಾರದು ಎಂಬ ಮಾತು ಯಾವತ್ತೂ ಇರಲಿಲ್ಲ. ಅಜ್ಜಿ ಧಣಿಗಳ ಗದ್ದೆಯಲ್ಲಿ ನೇಜಿ ನೆಟ್ಟವರು. ಬೆಳಗ್ಗೆ ಇಳಿದರೆ ಸಂಜೆಯವರೆಗೆ ಸೊಂಟ ಬಗ್ಗಿಸಿ. ಕೂಲಿ ಭತ್ತದಲ್ಲಿ, ಅಜ್ಜನಿಗಿಂತ ಒಂದು ಅಳತೆ ಕಡಿಮೆ. ಉಳಿದ ಮನೆಗಳಲ್ಲಿ ಹೆಂಗಸು ಹೊರಗೆ ಹೋಗುವುದೇ ಹೋರಾಟ, ನಮ್ಮಲ್ಲಿ ಹೊರಗೆ ಹೋಗದೆ ಇದ್ದರೆ ಗಂಜಿ ಇಲ್ಲ. ಅದರಿಂದ ನಾವು ಸಮಾನ ಅಂತ ಸಂಘದ ಸಭೆಯಲ್ಲಿ ಹೆಮ್ಮೆಯಿಂದ ಹೇಳುವುದನ್ನು ಕೇಳಿದ್ದೇನೆ. ಅಜ್ಜಿಯ ಗದ್ದೆಯ ಗಂಟೆ ಅಜ್ಜನಷ್ಟೇ ಇತ್ತು, ಅದು ನಿಜ. ಗದ್ದೆಯಿಂದ ಬಂದ ಮೇಲೆ ಭತ್ತ ಕುಟ್ಟಿ, ಅಕ್ಕಿ ಕೇರಿ, ಬೇಯಿಸಿದ ಗಂಟೆ ಯಾರದ್ದು?

ಈಗ ಎಲ್ಲ ಸರಿಹೋಯಿತಲ್ಲ ಅಂತ ನೀವು ಕೇಳಬಹುದು. ಅಂಕಿಗಳು ಒಳ್ಳೆಯ ಸುದ್ದಿಯ ಹಾಗೆ ಕಾಣುತ್ತವೆ. ಸರಕಾರದ ಸಮೀಕ್ಷೆಯಲ್ಲಿ 15 ವರ್ಷ ದಾಟಿದ ಹೆಂಗಸರಲ್ಲಿ ದುಡಿಮೆಯಲ್ಲಿ ಇರುವವರು, ಕೆಲಸ ಹುಡುಕುವವರು ಸೇರಿ 2017-18ರಲ್ಲಿ ನೂರಕ್ಕೆ 23 ಇದ್ದದ್ದು 2023-24ಕ್ಕೆ ಸುಮಾರು 42 ಆಗಿದೆ. ಆದರೆ ಹಳ್ಳಿಗಳಲ್ಲಿ ಹೀಗೆ ಹೊಸದಾಗಿ ಸೇರಿದವರಲ್ಲಿ ಹೆಚ್ಚಿನವರು ಸಂಬಳದ ಕೆಲಸಕ್ಕೆ ಹೋದವರಲ್ಲ. ಸ್ವಂತ ಸಣ್ಣ ಕೆಲಸ, ಇಲ್ಲವೇ ಮನೆಯ ಹೊಲ, ಅಂಗಡಿಗಳಲ್ಲಿ ಕೂಲಿ ಇಲ್ಲದೆ ಕೈಜೋಡಿಸುವವರು. 1921ರ ಗಣತಿ ನೆನಪಾಗುವುದಿಲ್ವಾ? 24 ಗಂಟೆಯ ಸಮೀಕ್ಷೆಯನ್ನೂ 2024ರಲ್ಲಿ ಪುನಃ ಮಾಡಿದರು. ಮನೆಗೆಲಸ ಮಾಡಿದ ಹೆಂಗಸರ ಸಮಯ 299 ನಿಮಿಷದಿಂದ 289ಕ್ಕೆ ಇಳಿದಿದೆ. ಗಂಡಸರದ್ದು 97ರಿಂದ 88ಕ್ಕೆ. ನಡುವೆ ಒಂದು ಮಹಾಮಾರಿ ಬಂದು, ಗಂಡಸರೆಲ್ಲ ತಿಂಗಳುಗಟ್ಟಲೆ ಮನೆಯಲ್ಲಿ ಕೂತು, ಅಡುಗೆಮನೆ ಕಣ್ಣಾರೆ ಕಂಡು ಹೋದ ಮೇಲಿನ ಲೆಕ್ಕ ಇದು.

ಅಮ್ಮ ಈಗ ದಿನಕ್ಕೆ ಮುನ್ನೂರು ಬೀಡಿ ಕಟ್ಟುತ್ತಾರೆ. ಬ್ರಾಂಚಿನಲ್ಲಿ ಎಲೆ ಕೊಡುವುದೇ ಅಷ್ಟು. ಚಿಕ್ಕಮ್ಮ ಕಳೆದ ವರ್ಷದಿಂದ ಒಂದು ಬಟ್ಟೆ ಅಂಗಡಿಯಲ್ಲಿ ಅರ್ಧ ದಿನದ ಕೆಲಸಕ್ಕೆ ಹೋಗುತ್ತಿದ್ದಾರೆ, ಬೆಳಗ್ಗೆ ಹತ್ತರಿಂದ ಎರಡು. ಮಕ್ಕಳು ಶಾಲೆಗೆ ಹೋದ ಮೇಲೆ ಹೊರಟು, ಬರುವ ಮೊದಲು ಮನೆಗೆ ತಲುಪುವ ಹಾಗೆ.

ಈ ಲೇಖನಕ್ಕಾಗಿ ನಾನು ಒಂದು ವಾರ ಅಪ್ಪ ಅಮ್ಮನ ಗಂಟೆಗಳನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದೆ. ಅಪ್ಪನದ್ದು ಎರಡು ಸಾಲಿನಲ್ಲಿ ಮುಗಿಯಿತು. ಅಮ್ಮನದ್ದು ಆರು ಪುಟ. ಅಪ್ಪ ಅದನ್ನು ಕನ್ನಡಕ ಹಾಕಿ ಪೂರ್ತಿ ಓದಿದರು, ಏನೂ ಹೇಳಲಿಲ್ಲ. ಮರುದಿನ ಭಾನುವಾರ ಅಮ್ಮನ ಜೊತೆ ಕೂತು ಎಲೆ ಕತ್ತರಿಸಿದರು. ಅಮ್ಮ ನೋಡಿ, "ಅಚ್ಚಿಗಿಂತ ದೊಡ್ಡದಾಯಿತು, ಬ್ರಾಂಚಿನಲ್ಲಿ ಬೈತಾರೆ" ಅಂತ ಅರ್ಧದಷ್ಟನ್ನು ಪುನಃ ಕತ್ತರಿಸಿದರು.

ಹಾಗೆಯೇ ಒಂದು ಪುಸ್ತಕವನ್ನು ಸಂಘದ ವಾಚನಾಲಯದ ಮೇಜಿನ ಮೇಲೆ ಇಟ್ಟಿದ್ದೇನೆ, ನೀಲಿ ಬೈಂಡಿನದ್ದು. ನಿಮ್ಮ ಮನೆಯ ಒಂದು ವಾರದ ಗಂಟೆ ಬರೆದು ಕೊಡಿ, ಹೆಸರು ಬೇಡ. 2020ರಲ್ಲಿ ಯಾರು ಕೆಲಸ ಬಿಟ್ಟರು, ಯಾರಿಗೆ ಹಿಂದೆ ಸಿಕ್ಕಿತು, ಎಷ್ಟು ತಿಂಗಳಾಯಿತು ಅಂತ ನೆನಪಿದ್ದರೆ ಅದನ್ನೂ ಬರೆಯಿರಿ. ಬರೆಯಲು ಬಾರದ ಅಜ್ಜಿಯಂದಿರು ಇದ್ದರೆ ಭಾನುವಾರ ಮಧ್ಯಾಹ್ನದ ಮೇಲೆ ನಾನೇ ಮನೆಗೆ ಬರುತ್ತೇನೆ.